ಅಸಾಯಿ ಆಹಾರವಲ್ಲ

ನಮ್ಮ ಮನೆಯವರು ಬಸ್ ಡ್ರೈವರು. ಇಪ್ಪತ್ತೆರಡು ವರ್ಷದಿಂದ ಹದಿನೇಳನೇ ನಂಬರಿನ ಬಸ್ಸನ್ನು ಸ್ಟೇಷನ್ನಿನಿಂದ ದೊಡ್ಡಾಸ್ಪತ್ರೆಗೂ ದೊಡ್ಡಾಸ್ಪತ್ರೆಯಿಂದ ಸ್ಟೇಷನ್ನಿಗೂ ಓಡಿಸುತ್ತಿದ್ದಾರೆ. ಆ ದಾರಿಯ ಕೊನೆಯ ನಿಲ್ದಾಣಕ್ಕೆ ಒಂದು ದಿನ ಅವರು ಆಂಬುಲೆನ್ಸಿನಲ್ಲಿ ಮಲಗಿಕೊಂಡು ಹೋದರು. ಅದಕ್ಕೆ ಕಾರಣ ಹೃದಯವಲ್ಲ, ಶ್ವಾಸಕೋಶವೂ ಅಲ್ಲ, ಒಂದು ಹಣ್ಣು. ಅದೂ ಅವರು ಕಣ್ಣಾರೆ ಕಂಡೇ ಇರದ ಹಣ್ಣು.

ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಡಿಪೋದಲ್ಲಿ ದೇಹ ತಪಾಸಣೆ ನಡೆಯುತ್ತದೆ. ಹೋದ ವರ್ಷ ಡಿಪೋ ಡಾಕ್ಟರು ಇವರ ಫೈಲಿನಲ್ಲಿ 'ತೂಕ ಇಳಿಸತಕ್ಕದ್ದು' ಎಂದು ಕೆಂಪು ಶಾಯಿಯಲ್ಲಿ ಬರೆದು, ಅಡಿಗೆರೆ ಎಳೆದು, ಸಾಲದೆಂಬಂತೆ ಇನ್ನೊಂದು ಗೆರೆಯನ್ನೂ ಎಳೆದಿದ್ದರು. ಈ ವರ್ಷವೂ ಇಳಿಯದಿದ್ದರೆ ಸ್ಟೀರಿಂಗ್ ಬಿಟ್ಟು ಮೂರನೇ ಮಹಡಿಯಲ್ಲಿರುವ ಮರೆತ ಸಾಮಾನಿನ ಕೋಣೆಗೆ ಹೋಗಬೇಕು. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬರುತ್ತದೆ: ಕೊಡೆ, ಕನ್ನಡಕ, ಊಟದ ಡಬ್ಬಿ, ಒಂಟಿ ಚಪ್ಪಲಿ. ಅಲ್ಲಿ ಈಗ ಕೂತಿರುವವರು ಮೊದಲು ಒಂಬತ್ತನೇ ನಂಬರಿನ ಡ್ರೈವರಾಗಿದ್ದರು. ಮೂರು ವರ್ಷದ ಹಿಂದೆ ತಪಾಸಣೆಯಲ್ಲಿ ಸೋತರು. ಈಗ ಅವರನ್ನು ಎಲ್ಲರೂ ಕೊಡೆಯಣ್ಣ ಎನ್ನುತ್ತಾರೆ.

"ಅಷ್ಟೇನು ಕೆಟ್ಟ ಕೆಲಸ ಬಿಡಿ. ಫ್ಯಾನಿದೆ, ಕುರ್ಚಿ ಇದೆ, ಹೊಗೆ ಇಲ್ಲ, ಧೂಳಿಲ್ಲ" ಎಂದು ನಾನು ಒಮ್ಮೆ ಸಮಾಧಾನ ಹೇಳಿದೆ.

"ಕೊಡೆ ಜೊತೆ ಮಾತಾಡೋ ಗಂಡಸನ್ನ ನೀನು ನೋಡಿದೀಯಾ? ನಾನು ನೋಡಿದೀನಿ" ಎಂದರು. ಆಮೇಲೆ ತಟ್ಟೆಯಲ್ಲಿದ್ದ ಅನ್ನವನ್ನು ಎರಡನೇ ಸಲ ಬಡಿಸಿಕೊಂಡರು.

ತಪಾಸಣೆಗೆ ಎರಡು ತಿಂಗಳಿದ್ದಾಗ ನನ್ನ ನಾದಿನಿ ಬಂದಳು. ಅವಳದು ಬ್ಯೂಟಿ ಪಾರ್ಲರು. ಮುಖಕ್ಕೆ ಹಚ್ಚಿದರೆ ಒಳ್ಳೆಯದೆಂದು ಯಾವುದನ್ನು ಕೇಳುತ್ತಾಳೋ ಅದನ್ನು ಹೊಟ್ಟೆಗೂ ಕೊಡಿಸುವುದು ಅವಳ ಪದ್ಧತಿ. ಕೈಚೀಲದಿಂದ ಒಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಕಡು ನೇರಳೆ ಬಣ್ಣದ ಪುಡಿ.

"ಅಣ್ಣಾ, ಇದು ಅಸಾಯಿ. ದಿನಾ ಒಂದು ಚಮಚ ಹಾಕಿ ಸ್ಮೂದಿ ಮಾಡ್ಕೊಂಡು ಕುಡಿ. ಎರಡು ತಿಂಗಳಲ್ಲಿ ನಿನ್ನ ಹೊಟ್ಟೆ ಎಲ್ಲಿ ಹೋಯ್ತು ಅಂತ ನೀನೇ ಹುಡುಕ್ಬೇಕು."

ಇವರು ಭೂತಗನ್ನಡಿ ತಂದು ಪ್ಯಾಕೆಟ್ಟಿನ ಹಿಂಬದಿ ಓದತೊಡಗಿದರು. ಮನೆಯ ಕರೆಂಟ್ ಬಿಲ್ಲನ್ನು, ಮಗಳ ಪ್ರಗತಿಪತ್ರವನ್ನು, ನಾನು ಬರೆದುಕೊಟ್ಟ ಸಾಮಾನಿನ ಚೀಟಿಯನ್ನು ಎಂದೂ ಪೂರ್ತಿ ಓದದ ಮನುಷ್ಯ ಆ ಪ್ಯಾಕೆಟ್ಟನ್ನು ಮೂರು ಸಲ ಓದಿದರು. ಓದಿ ಮುಗಿಸಿದಾಗ ನಮ್ಮ ಮನೆಯಲ್ಲಿ ಒಬ್ಬ ಪಂಡಿತರಿದ್ದರು.

"ನಿನಗೆ ಗೊತ್ತೇನೇ, ಇದು ತಾಳೆ ಜಾತಿಯ ಮರದ ಹಣ್ಣು. ಅಮೆಜಾನ್ ನದಿ ಉಕ್ಕಿ ಹರಿಯೋ ಜೌಗಲ್ಲಿ ಬೆಳೆಯುತ್ತೆ. ಜನ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಮರ ಹತ್ತಿ ಗೊನೆ ಇಳಿಸ್ತಾರೆ. ಹಣ್ಣು ಗೋಲಿಯಷ್ಟು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೀಜ. ತಿರುಳು ಅನ್ನೋದು ಬೀಜಕ್ಕೆ ಬಟ್ಟೆ ತೊಡಿಸಿದಷ್ಟು."

"ಆ ಬಟ್ಟೆಯಷ್ಟು ಇದ್ದಿದ್ದನ್ನ ನೆಲದ ಮೇಲೆ ಚೆಲ್ಲಿದೀರಿ, ಕಾಲೆತ್ತಿ" ಎಂದು ಒರೆಸಿದೆ.

"ಕಿತ್ತ ಒಂದು ದಿನಕ್ಕೇ ಕೆಟ್ಟುಹೋಗುತ್ತಂತೆ. ಅದಕ್ಕೇ ಹೊರದೇಶಕ್ಕೆ ಪುಡಿ ಮಾಡಿ ಕಳಿಸ್ತಾರೆ, ಇಲ್ಲಾ ಹೆಪ್ಪುಗಟ್ಟಿಸಿ ಕಳಿಸ್ತಾರೆ. ಎಂಥಾ ಹಣ್ಣು ನೋಡು. ನಮ್ಮನೆ ತನಕ ಬಂದಿದೆ."

ಹೈಸ್ಕೂಲಿನಲ್ಲಿರುವ ಮಗಳು ಯಾವುದನ್ನೂ ಪರೀಕ್ಷಿಸದೆ ಒಪ್ಪುವವಳಲ್ಲ. ಮಾರನೆಯ ದಿನ ಶಾಲೆಯ ಲೈಬ್ರರಿಯಲ್ಲಿ ಹುಡುಕಿ ಬಂದಳು.

"ಅಪ್ಪಾ, ಅಲ್ಲಿನವರು ಅದನ್ನ ತೂಕ ಇಳಿಸೋಕೆ ತಿನ್ನಲ್ಲ. ನೀರಲ್ಲಿ ಕಿವುಚಿ, ಗಟ್ಟಿಯಾಗಿ, ಸಕ್ಕರೆ ಇಲ್ಲದೆ, ಮೀನಿನ ಜೊತೆ, ಮರಗೆಣಸಿನ ಹಿಟ್ಟಿನ ಜೊತೆ ಊಟಕ್ಕೇ ತಿಂತಾರೆ. ಹೊಟ್ಟೆ ತುಂಬಲಿ ಅಂತ. ಅದರಲ್ಲಿ ಕೊಬ್ಬಿದೆ."

"ಒಳ್ಳೇ ಕೊಬ್ಬು" ಎಂದರು ಇವರು.

"ನಾರಿದೆ. ಆ ನೇರಳೆ ಬಣ್ಣದಲ್ಲಿ ದೇಹಕ್ಕೆ ಒಳ್ಳೇದು ಮಾಡೋ ಅಂಶ ಇದೆ. ಆದ್ರೆ ತೂಕ ಇಳಿಯುತ್ತೆ ಅಂತ ಯಾರೂ ಸಾಬೀತು ಮಾಡಿಲ್ಲ."

"ನಾನು ಮಾಡ್ತೀನಿ" ಎಂದರು.

ಸಾಬೀತು ಮಾಡುವ ಕಾರ್ಯ ಹೀಗೆ ನಡೆಯಿತು. ಬರೀ ಪುಡಿ ಮಣ್ಣಿನಂತಿದೆಯೆಂದು ಎರಡು ಬಾಳೆಹಣ್ಣು ಸೇರಿದವು. ಬಾಳೆಹಣ್ಣಿಗೆ ಜೊತೆಯಾಗಿ ಹಾಲು, ಹಾಲಿಗೆ ರುಚಿ ಬರಲೆಂದು ಜೇನುತುಪ್ಪ, ಶಕ್ತಿಗೆ ಒಂದು ಹಿಡಿ ಕಡಲೇಕಾಯಿ ಬೀಜ, ಮೇಲೆ ಖರ್ಜೂರ. ಮಿಕ್ಸಿಯಲ್ಲಿ ತಿರುಗಿ ಹೊರಬಂದದ್ದು ಇಡೀ ಕುಟುಂಬಕ್ಕೆ ಸಾಲುವಷ್ಟಿತ್ತು. ಅದನ್ನು ಒಬ್ಬರೇ ಕುಡಿದು, ಬಾಯಿ ತೊಳೆದು, ಕುರ್ಚಿ ಎಳೆದು ಕೂತು, "ತಿಂಡಿ ಏನೇ?" ಎಂದು ಕೇಳುತ್ತಿದ್ದರು.

"ಈಗ ಕುಡಿದಿದ್ದು ಏನ್ರೀ ಹಾಗಾದ್ರೆ?"

"ಅದು ಪೋಷಣೆ. ತಿಂಡಿ ಅಂದ್ರೆ ಆಹಾರ. ಎರಡನ್ನೂ ಕಲಸ್ಬೇಡ."

ನಾನು ಗಲಾಟೆ ಮಾಡುವವಳಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದೆ, ಜೇನುತುಪ್ಪದ ಬಾಟಲಿಯನ್ನು ಮೇಲಿನ ಶೆಲ್ಫಿನಲ್ಲಿ ಬಚ್ಚಿಟ್ಟೆ. ಸ್ಟೂಲು ಹಾಕಿ ತೆಗೆದರು. ತಪಾಸಣೆಗೆ ಒಂದು ವಾರವಿದ್ದಾಗ ತೂಕ ನೋಡಿದರೆ ಮೂರು ಕೇಜಿ ಏರಿತ್ತು. ಇವರು ತೂಕದ ಯಂತ್ರವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಆಮೇಲೆ ಬಚ್ಚಲಲ್ಲಿಟ್ಟು ನಿಂತರು, ವರಾಂಡದಲ್ಲಿಟ್ಟು ನಿಂತರು. ಪಕ್ಕದ ಮನೆಯ ಟೈಲರ್ ಇದನ್ನೆಲ್ಲ ಬೇಲಿಯಾಚೆಯಿಂದ ನೋಡುತ್ತಿದ್ದವರು, "ನೀವು ನಿಲ್ಲದೆ ಅದನ್ನ ಮಾತ್ರ ಇಟ್ಟು ನೋಡಿ, ಸರಿಯಾಗಿ ಸೊನ್ನೆ ತೋರಿಸುತ್ತೆ" ಎಂದು ಸಲಹೆ ಕೊಟ್ಟರು.

"ನಾವು ಮಾಡ್ತಿರೋ ಕ್ರಮ ತಪ್ಪು" ಎಂದು ಇವರು ಕೊನೆಗೆ ಒಪ್ಪಿಕೊಂಡರು. ಆ 'ನಾವು' ಕೇಳಿ ನನಗೆ ಮೈ ಉರಿಯಿತು. "ನದಿ ತೀರದವರು ಹಾಲು, ಜೇನು ಹಾಕಲ್ವಲ್ಲ. ಅವರ ಕ್ರಮದಲ್ಲೇ ಕುಡೀಬೇಕಿತ್ತು."

ತಪಾಸಣೆಗೆ ಹಿಂದಿನ ಸಂಜೆಯಿಂದ ಹೊಟ್ಟೆ ಖಾಲಿ ಇರಬೇಕು. ಹಾಗಿದ್ದೇನೆಂದು ಫಾರಂ ಮೇಲೆ ಸಹಿ ಹಾಕಿಕೊಡಬೇಕು. ಇವರು ಸಂಜೆಯೇ ಊಟ ಮುಗಿಸಿ ಮಲಗಿದರು. ಬೆಳಿಗ್ಗೆ ನಾನು ಎದ್ದಾಗ ಆಗಲೇ ಹೋಗಿಯಾಗಿತ್ತು. ಅಡುಗೆಮನೆಗೆ ಹೋದೆ. ಯಾರನ್ನೋ ಕೊಂದು ನೀರಿನಲ್ಲಿ ತೊಳೆದ ಹಾಗಿತ್ತು. ಕಟ್ಟೆ ನೇರಳೆ, ಸಿಂಕು ನೇರಳೆ, ಹಾಲು ಸೋಸುವ ನನ್ನ ಬಿಳಿ ಬಟ್ಟೆ ಕಪ್ಪುನೇರಳೆ. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಬಟ್ಟಲಿಗೆ ಸುರಿದು, ಮಿಕ್ಸಿ ಹಾಕಿದರೆ ನನಗೆ ಎಚ್ಚರವಾಗುತ್ತದೆಂದು ಕೈಯಲ್ಲೇ ಕಿವುಚಿ, ಹಿಂಡಿ ಕುಡಿದು ಹೊರಟಿದ್ದರು. ನನ್ನ ನಿದ್ದೆಯ ಮೇಲೆ ಅಷ್ಟು ಕಾಳಜಿ. ನಾನು ಒಂದು ಗಂಟೆ ಕಾಲ ಆ ಕಾಳಜಿಯನ್ನು ಉಜ್ಜಿ ಉಜ್ಜಿ ತೊಳೆದೆ.

ಬಟ್ಟೆ ಹಿಂಡುತ್ತಿದ್ದಾಗ ಫೋನು ಬಂತು. ಅವರ ಬಸ್ಸಿನ ಕಂಡಕ್ಟರಮ್ಮ.

"ಅಕ್ಕಾ, ಗಾಬರಿಯಾಗ್ಬೇಡಿ. ಅಣ್ಣನ ಹೃದಯ ಸರಿಯಿಲ್ಲವಂತೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾರೆ. ಗಾಬರಿಯಾಗ್ಬೇಡಿ" ಎಂದು ಹೇಳಿ ತಾನೇ ಅಳತೊಡಗಿದಳು.

ಡಿಪೋದಲ್ಲಿ ನಡೆದದ್ದು ಇಷ್ಟು. ಇವರು ಬಾಯಿ ತೆರೆದರು. ಡಾಕ್ಟರು ಟಾರ್ಚ್ ಹಾಕಿ ನೋಡಿದರು. ತುಟಿ ನೀಲಿ, ನಾಲಿಗೆ ನೀಲಿ. ಕೈ ಹಿಡಿದರೆ ಉಗುರುಗಳೂ ನೀಲಿ. ರಕ್ತದ ಆಮ್ಲಜನಕ ನೋಡುವ ಕ್ಲಿಪ್ಪನ್ನು ಬೆರಳಿಗೆ ಹಾಕಿದರೆ, ಉಗುರಿನ ಬಣ್ಣಕ್ಕೋ ಏನೋ, ಯಂತ್ರ ಯಾವುದೋ ಪಾತಾಳದ ಅಂಕಿ ತೋರಿಸಿತು.

"ಬೆಳಿಗ್ಗೆಯಿಂದ ಏನಾದ್ರೂ ತಗೊಂಡ್ರಾ?"

"ಇಲ್ಲ ಸಾರ್. ಖಾಲಿ ಹೊಟ್ಟೆ."

"ನೀರು, ಟೀ, ಮಾತ್ರೆ?"

"ಸಹಿ ಹಾಕಿಕೊಟ್ಟಿದೀನಲ್ಲ ಸಾರ್."

"ಎದೆ ಹಿಡಿದ ಹಾಗಾಗುತ್ತಾ?"

ಅಲ್ಲಿಯವರೆಗೆ ಆಗಿರಲಿಲ್ಲ. ಕೇಳಿದ ಮೇಲೆ ಆಗತೊಡಗಿತು.

ಆಸ್ಪತ್ರೆ ಮುಟ್ಟುವಾಗ ನನ್ನ ಜೊತೆ ಅತ್ತೆ ಇದ್ದರು, ಮಗಳಿದ್ದಳು. ಅತ್ತೆ ಬಾಗಿಲಿನಿಂದಲೇ, "ನನ್ನ ಮಗ ಒಂದು ದಿನಾನೂ ಯಾರಿಗೂ ಹಾರ್ನ್ ಕೂಡ ಜೋರಾಗಿ ಹೊಡೆದವನಲ್ಲ" ಎಂದು ಅಳುತ್ತಾ ಬೆಂಚಿನ ಮೇಲೆ ಒರಗಿದರು. ಮಗಳು ಅವರಿಗೆ ಗಾಳಿ ಹಾಕುತ್ತಾ ನಿಂತಳು. ನನ್ನ ಕೈಗೆ ಕೌಂಟರಿನವರು ನಾಲ್ಕು ಪುಟದ ಫಾರಂ ಕೊಟ್ಟರು. ಒಳಗೆ ಒಬ್ಬರನ್ನೇ ಬಿಡುವುದೆಂದರು. ಅಷ್ಟರಲ್ಲಿ ನಾದಿನಿ ಬಂದಳು.

"ಒಡಹುಟ್ಟಿದವಳು ನಾನು, ಮೊದಲು ನಾನು ನೋಡ್ತೀನಿ. ಅತ್ತಿಗೆ, ನೀವು ಫಾರಂ ತುಂಬಿ" ಎಂದು ಒಳಗೆ ನುಗ್ಗಿದಳು. ಅವಳ ಚೀಲದಲ್ಲಿ ಒಂದು ಫ್ಲಾಸ್ಕ್ ಇತ್ತು. ಅದನ್ನು ನಾನು ನೋಡಿದೆ. ಕಾಫಿ ಇರಬೇಕೆಂದುಕೊಂಡೆ. ನನ್ನ ಬುದ್ಧಿಗೂ ಆ ಹೊತ್ತಿನಲ್ಲಿ ಅಷ್ಟೇ ಓಟ.

ಎರಡನೇ ಪುಟದಲ್ಲಿದ್ದಾಗ ನರ್ಸ್ ಓಡಿ ಬಂದು ಡಾಕ್ಟರನ್ನು ಕೂಗಿದಳು. "ಮೇಡಂ, ಆರನೇ ಬೆಡ್ಡು. ಬಣ್ಣ ಜಾಸ್ತಿ ಆಗಿದೆ. ತುಟಿ, ನಾಲಿಗೆ, ಉಗುರು ಇತ್ತು, ಈಗ ಗಲ್ಲದ ತನಕ ನೀಲಿ ಇಳಿದಿದೆ."

ಪೆನ್ನು ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು. ನೀಲಿ ಎಂಬ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾನು ನನ್ನ ಉಗುರುಗಳನ್ನು ನೋಡಿಕೊಂಡೆ. ಬೆಳಿಗ್ಗೆ ಉಜ್ಜಿದ ಕಟ್ಟೆ, ಸಿಂಕು, ಬಟ್ಟೆ ಎಲ್ಲವೂ ಹತ್ತು ಬೆರಳಿನಲ್ಲೂ ಇದ್ದವು.

"ಸಿಸ್ಟರ್, ಇಲ್ಲಿ ನೋಡಿ" ಎಂದು ಎರಡೂ ಕೈ ಚಾಚಿದೆ.

ಮುಂದೆ ಹೇಳಬೇಕಿದ್ದ ಮಾತನ್ನು ಹೇಳಲು ನನಗೆ ಅವಕಾಶವೇ ಸಿಗಲಿಲ್ಲ. ನರ್ಸ್ ಕೈ ನೋಡಿದಳು, ನನ್ನ ಮುಖ ನೋಡಿದಳು, "ಅಯ್ಯೋ ನಿಮಗೂ ಶುರುವಾಗಿದೆ" ಎಂದು ಗಾಲಿಕುರ್ಚಿಯಲ್ಲಿ ಕೂರಿಸಿದಳು.

"ಶುರುವಾಗಿಲ್ಲಮ್ಮ, ಇದು ಪಾತ್ರೆ ತೊಳೆದ—"

"ಮಾತಾಡ್ಬೇಡಿ, ಉಸಿರು ಖರ್ಚಾಗುತ್ತೆ. ಮನೇಲಿ ಗ್ಯಾಸ್ ಲೀಕ್ ಆಗ್ತಿತ್ತಾ? ಸ್ಟೌ ಆರಿಸಿ ಬಂದಿದೀರಾ?"

ನನ್ನನ್ನು ಏಳನೇ ಬೆಡ್ಡಿನ ಮೇಲೆ ಮಲಗಿಸಿ ಆಕ್ಸಿಜನ್ ಮಾಸ್ಕ್ ಹಾಕಿದರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮಲಗಿದ್ದು ಅದೇ ಮೊದಲು. ಪರದೆ ಸರಿಸಿ ನೋಡಿದರೆ ಪಕ್ಕದಲ್ಲಿ ಇವರು. ಅವರ ತಲೆದೆಸೆಯಲ್ಲಿ ನಾದಿನಿ, ಫ್ಲಾಸ್ಕಿನ ಮುಚ್ಚಳ ಹಿಡಿದು. ಇನ್ನೊಂದು ಪ್ಯಾಕೆಟ್ ಒಡೆದು, ಗಟ್ಟಿಯಾಗಿ ಕಲಸಿ, ಮಾಸ್ಕಿನ ಸಂದಿಯಿಂದ ಸ್ಟ್ರಾ ತೂರಿಸಿ ಅಣ್ಣನಿಗೆ ಕುಡಿಸಿದ್ದಳು.

"ಹೃದಯಕ್ಕೆ ಒಳ್ಳೇದು ಅತ್ತಿಗೆ. ನಿಮಗೂ ಒಂದು ಗುಟುಕು ಕೊಡ್ಲಾ?"

ಅವಳ ಬೆರಳುಗಳೂ ನೀಲಿಯಾಗಿದ್ದವು. ನರ್ಸ್ ಅದನ್ನೂ ನೋಡಿದಳು. ನಾದಿನಿಗೆ ಎಂಟನೇ ಬೆಡ್ಡು ಸಿಕ್ಕಿತು. ಹೊರಗಿದ್ದ ಅತ್ತೆಗೆ ಯಾರೋ, "ನಿಮ್ಮ ಮನೆಯವರು ಒಬ್ಬೊಬ್ಬರಾಗಿ ಬೀಳ್ತಿದ್ದಾರೆ" ಎಂದರಂತೆ. ಅವರ ಅಳು ಗೋಡೆ ದಾಟಿ ಕೇಳಿಸಿತು.

ನಾನು ಮಾಸ್ಕ್ ತೆಗೆದು, ಕರ್ಚೀಫು ಒದ್ದೆ ಮಾಡಿ, ಕೈ ಚಾಚಿ ಇವರ ಗಲ್ಲ ಒರೆಸಿದೆ. ಕರ್ಚೀಫು ನೇರಳೆಯಾಯಿತು, ಗಲ್ಲ ಗಲ್ಲದ ಬಣ್ಣಕ್ಕೆ ಬಂತು.

ಇವರು ಕಣ್ಣು ಬಿಟ್ಟರು. "ಹೇಳ್ಬೇಡ ಕಣೇ."

"ನಿಮಗೆ ಗೊತ್ತಾ?"

"ಮೊದಲು ಗೊತ್ತಿರ್ಲಿಲ್ಲ. ಸತ್ತೇ ಹೋಗ್ತೀನಿ ಅಂದ್ಕೊಂಡಿದ್ದೆ. ಇವಳ ಬೆರಳು ನೋಡಿದ ಮೇಲೆ ಗೊತ್ತಾಯ್ತು."

"ಮತ್ತೆ ಸುಮ್ಮನೆ ಮಲಗಿದೀರಲ್ರೀ."

"ಸಹಿ ಹಾಕಿಬಿಟ್ಟಿದೀನಿ. ಸುಳ್ಳು ಹೇಳಿದ ಅಂತಾದ್ರೆ ತೂಕ ಕೂಡ ನೋಡಲ್ಲ, ಸೀದಾ ಮೂರನೇ ಮಹಡಿ. ಕಾಯಿಲೆ ಅಂದ್ರೆ ರಜಾನಾದ್ರೂ ಕೊಡ್ತಾರೆ. ನೀನು ಸ್ವಲ್ಪ ಹೊತ್ತು ಹಾಗೇ ಮಲಗಿರು."

ಅದೇ ಹೊತ್ತಿಗೆ ಪರದೆ ಸರಿಸಿಕೊಂಡು ಕೊಡೆಯಣ್ಣ ಬಂದರು. ಸುದ್ದಿ ಕೇಳಿ ಡಿಪೋದಿಂದ ನೇರ ಬಂದಿದ್ದರು. ಬರಿಗೈಯಲ್ಲಿ ಬರಬಾರದೆಂದು ಒಂದು ಕೊಡೆ ತಂದಿದ್ದರು.

"ಇದನ್ನ ಎರಡು ವರ್ಷದಿಂದ ಯಾರೂ ಕೇಳ್ಕೊಂಡು ಬಂದಿಲ್ಲ. ಗುಣ ಒಳ್ಳೇದು, ಬಟನ್ ಸ್ವಲ್ಪ ಮುನಿಸು ಮಾಡುತ್ತೆ" ಎಂದು ಮಂಚದ ಪಕ್ಕ ಒರಗಿಸಿದರು. ಆಮೇಲೆ ಇವರ ಕೈ ಹಿಡಿದು, "ಚಿಂತೆ ಮಾಡ್ಬೇಡಿ. ಕಿಟಕಿ ಪಕ್ಕದ ಕುರ್ಚಿ ನಿಮಗೇ ಬಿಟ್ಟುಕೊಡ್ತೀನಿ. ಅಲ್ಲಿಂದ ಬಸ್ಸುಗಳು ಹೋಗೋದು ಕಾಣುತ್ತೆ" ಎಂದರು.

ಇವರ ಕಣ್ಣಿನಿಂದ ನೀರು ಇಳಿದು ಮಾಸ್ಕಿನ ಅಂಚಿನಲ್ಲಿ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಅದನ್ನೂ ನಾನು ನೋಡಿರಲಿಲ್ಲ. ಇವರಿಗೆ ಹೊಡೆಯಬೇಕೋ ತಲೆ ಸವರಬೇಕೋ ತಿಳಿಯದೆ ಹೊದಿಕೆ ಸರಿಮಾಡಿದೆ.

ಆಗ ಹೃದಯದ ದೊಡ್ಡ ಡಾಕ್ಟರಮ್ಮ ಬಂದರು, ಹಿಂದೆ ಡಿಪೋ ಡಾಕ್ಟರು. "ತಡ ಮಾಡೋದು ಬೇಡ. ತೊಡೆಯಿಂದ ನಳಿಕೆ ಹಾಕಿ ಹೃದಯ ನೋಡಿಬಿಡೋಣ. ಮನೆಯವರು ಯಾರು, ಒಪ್ಪಿಗೆಗೆ ಸಹಿ ಹಾಕ್ತೀರಾ?"

ಇವರು ನನ್ನನ್ನು ನೋಡಿ ತಲೆಯಾಡಿಸಿದರು. ನಳಿಕೆಗೂ ತಯಾರು ಎಂದರ್ಥ.

ಇವರು ಹಾಕಿದ ಒಂದು ಸಹಿಯೇ ಇಷ್ಟು ದೂರ ತಂದಿತ್ತು, ಇನ್ನೊಂದನ್ನು ನಾನು ಹಾಕಲಿಲ್ಲ. ಕರ್ಚೀಫನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ. "ಮೇಡಂ, ಇದು ಇವರ ಗಲ್ಲದ್ದು. ಬೆಳಿಗ್ಗೆ ನಾನು ಏಳೋ ಮುಂಚೆ ಅಸಾಯಿ ಕುಡಿದಿದ್ದಾರೆ. ಈಗ ತಂಗಿ ಇನ್ನೊಂದು ಲೋಟ ಕುಡಿಸಿದಾಳೆ. ನನ್ನ ಕೈ ಸಿಂಕು ಉಜ್ಜಿದ್ದು."

ಡಾಕ್ಟರಮ್ಮ ನಗಲಿಲ್ಲ. ಇವರ ಮಾಸ್ಕ್ ತೆಗೆಸಿ, ನಾಲಿಗೆ ಚಾಚಿಸಿ, ಹತ್ತಿ ಒದ್ದೆ ಮಾಡಿ ಒರೆಸಿ, ಅದನ್ನು ಡಿಪೋ ಡಾಕ್ಟರಿಗೆ ತೋರಿಸಿದರು. ಡಿಪೋ ಡಾಕ್ಟರು ಅದನ್ನು ನೋಡಿ ತಮ್ಮ ಕನ್ನಡಕ ಒರೆಸಿಕೊಂಡರು.

"ಏನೂ ತಿಂದಿಲ್ಲ ಅಂತ ಸಹಿ ಹಾಕಿದ್ರಲ್ಲ?"

"ಅಸಾಯಿ ಆಹಾರ ಅಲ್ಲ ಸಾರ್" ಎಂದು ಇವರು ಎದ್ದು ಕೂತರು. "ಅದು ಪೋಷಣೆ. ಅಮೆಜಾನ್ ನದಿ ಉಕ್ಕಿ ಹರಿಯೋ ಜೌಗಲ್ಲಿ—"

"ಮಲಗ್ರೀ" ಎಂದರು ಡಾಕ್ಟರಮ್ಮ, ನಾನು ಹೇಳುವ ದನಿಯಲ್ಲೇ. "ಅಲ್ಲಿನವರಿಗೆ ಅದು ಊಟ. ಒಳ್ಳೇ ಹಣ್ಣೇ, ನಾರಿದೆ, ಒಳ್ಳೇ ಕೊಬ್ಬಿದೆ, ಸಕ್ಕರೆ ಕಮ್ಮಿ. ಆ ಬಣ್ಣದ ಗುಣ ಕಪ್ಪು ದ್ರಾಕ್ಷಿಯಲ್ಲೂ ಇದೆ. ತಿಂಡಿ ಬದಲು ಕುಡಿದ್ರೆ ಸರಿ. ತಿಂಡಿಗೆ ಮುಂಚೆ ಕುಡಿದ್ರೆ ಎರಡು ತಿಂಡಿ. ಅದಕ್ಕೆ ಹಾಲು, ಜೇನು ಎಲ್ಲ ಹಾಕ್ತಿದ್ರಾ?"

"ಖರ್ಜೂರಾನೂ" ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

ಅಷ್ಟರಲ್ಲಿ ಉಳಿದ ಪರೀಕ್ಷೆಗಳ ಕಾಗದಗಳು ಬಂದವು. ಹೃದಯಕ್ಕೆ ಏನೂ ಆಗಿರಲಿಲ್ಲ. ಬೇರೆ ಯಾವ ಡ್ರೈವರಿಗೂ ಅಷ್ಟು ಪರೀಕ್ಷೆ ಆಗಿರಲಿಲ್ಲವಾದ್ದರಿಂದ ಇಡೀ ಡಿಪೋದಲ್ಲಿ ಇವರದೇ ಅತ್ಯಂತ ಖಚಿತವಾದ ಹೃದಯವಾಯಿತು. ಡಿಪೋ ಡಾಕ್ಟರು ಫಾರಂ ಹಿಡಿದು ಪೆನ್ನು ತೆಗೆದರು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಕೆಂಪು ಶಾಯಿಯದ್ದು.

"ಸುಳ್ಳು ಹೇಳಿದ್ರಿ ಅಂತ ಬರೆದ್ರೆ, ಹಣ್ಣಿನ ಬಣ್ಣ ನೋಡಿ ಆಂಬುಲೆನ್ಸ್ ಕರೆಸಿದೆ ಅಂತ ನನ್ನ ಬಗ್ಗೇನೂ ಬರೀಬೇಕು" ಎಂದು ಕೊನೆಗೆ ನಿಟ್ಟುಸಿರು ಬಿಟ್ಟರು. 'ಆರು ವಾರದ ನಂತರ ಮರುತಪಾಸಣೆ' ಎಂದು ಬರೆದರು. "ಐದು ಕೇಜಿ ಇಳೀಬೇಕು. ಅಲ್ಲಿ ತನಕ ಮೂರನೇ ಮಹಡಿಗೆ ಹೋಗಿ. ಇನ್ನೊಂದು ಸಲ ಕಾಗದದ ಮೇಲೆ ಒಂದು ಅಕ್ಷರ ಸುಳ್ಳು ಇದ್ರೆ, ಅಲ್ಲೇ ಉಳಿದುಬಿಡಿ."

ಆರು ವಾರ. ಡಿಪೋದ ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಯಾರಾದರೂ ಕೊಡೆ ಕೇಳಿಕೊಂಡು ಬಂದರೆ ಇವರು ಕೆಳಗಿಳಿದು ಕೊಟ್ಟು, ಸಹಿ ಮಾಡಿಸಿಕೊಂಡು, ಮೇಲೆ ಹತ್ತಬೇಕು. ಬೆಳಿಗ್ಗೆ ನಾನು ಒಂದು ಲೋಟ ಸ್ಮೂದಿ ಇಡುತ್ತಿದ್ದೆ, ನಾನೇ ಅಳೆದು, ಒಂದು ಚಮಚ, ಒಂದು ಬಾಳೆಹಣ್ಣು, ನೀರು. ತಿಂಡಿಯಿಲ್ಲ. ಅದನ್ನು ಕುಡಿಯುವಾಗ ಇವರ ಮುಖ ನೋಡಿದರೆ ನದಿ ತೀರದವರಿಗೆ ಅವಮಾನವಾಗುತ್ತಿತ್ತು. ಆದರೆ ಬೇರೊಂದು ರೋಗ ಹಿಡಿಯಿತು, ಸತ್ಯ ಹೇಳುವುದು. ಟೈಲರ್, "ಹೇಗಿದ್ದೀರಿ?" ಎಂದು ಕೇಳಿದರೆ, "ಚೆನ್ನಾಗಿದೀನಿ, ಎಡ ಮಂಡಿ ನೋವಿದೆ, ನಿಮ್ಮ ಪ್ಯಾಂಟಿನ ಹೊಲಿಗೆ ನನಗೆ ಇಷ್ಟ ಆಗಿಲ್ಲ" ಎನ್ನುತ್ತಿದ್ದರು. ಅತ್ತೆ, "ನಾನಂದ್ರೆ ನಿನಗೆ ಹೆಚ್ಚೋ ಅವಳಂದ್ರೆ ಹೆಚ್ಚೋ?" ಎಂದು ತಮಾಷೆಗೆ ಕೇಳಿದಾಗ ನಾನು ಪಾತ್ರೆ ಬೀಳಿಸಿ ಆ ಪ್ರಶ್ನೆಯನ್ನು ಮುಳುಗಿಸಬೇಕಾಯಿತು.

ಮರುತಪಾಸಣೆಯಲ್ಲಿ ಪಾಸಾದರು. ಐದು ಕೇಜಿ, ಮುನ್ನೂರು ಗ್ರಾಂ.

ಮತ್ತೆ ಸ್ಟೀರಿಂಗ್ ಹಿಡಿದ ಮೊದಲ ದಿನ ಒಲೆ ಆರಿಸಿ ಓಡಿಹೋಗಿ ನಾನೂ ಹದಿನೇಳನೇ ನಂಬರು ಹತ್ತಿದೆ. ಮುಂದಿನ ಸೀಟಿನಲ್ಲಿ ಕೂತೆ. ಮನೆಯಲ್ಲಿ ಎರಡು ಕಾಲಿಗೆ ಬೇರೆ ಬೇರೆ ಕಾಲುಚೀಲ ಹಾಕುವ ಮನುಷ್ಯ, ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಗುಂಡಿ ಬಂದರೆ ಬಸ್ಸು ಅದನ್ನು ಸವರಿಕೊಂಡು ಹೋಗುತ್ತಿತ್ತು. ಮಗು ಎತ್ತಿಕೊಂಡು ನಿಂತಿದ್ದ ಒಬ್ಬಳು ಕಂಬಿ ಹಿಡಿಯದೆಯೇ ನಿಂತಿದ್ದಳು, ಅವಳ ಮಗುವಿಗೆ ಎಚ್ಚರವಾಗಲಿಲ್ಲ. ಇಷ್ಟು ಚೆನ್ನಾಗಿ ಇವರು ಇನ್ನೇನನ್ನೂ ಮಾಡಿದ್ದನ್ನು ನಾನು ನೋಡಿಲ್ಲ. ಕನ್ನಡಿಯಲ್ಲಿ ನನ್ನನ್ನು ಕಂಡರು. ಮುಖ ಅರಳಿತು.

ಕಂಡಕ್ಟರಮ್ಮ ನನ್ನ ಹತ್ತಿರ ಬಂದು ನಕ್ಕು, ಸುಮ್ಮನೆ ಮುಂದೆ ಹೋಗುತ್ತಿದ್ದಳು.

"ಆ ಮುಂದಿನ ಸೀಟಿನವರಿಗೆ ಟಿಕೆಟ್ ಕೊಟ್ರಾ?" ಎಂದು ಇವರು ರಸ್ತೆಯ ಮೇಲಿನಿಂದ ಕಣ್ಣು ತೆಗೆಯದೆ ಕೇಳಿದರು.

"ಅಣ್ಣಾ, ಅಕ್ಕ ಅಲ್ವಾ?"

"ಸಂಜೆ ಲೆಕ್ಕದ ಕಾಗದಕ್ಕೆ ಸಹಿ ಹಾಕೋರು ನಾವಿಬ್ಬರೇ. ಅದರಲ್ಲಿ ಅಕ್ಕ ಅಂತ ಬರೆಯೋ ಜಾಗ ಇಲ್ಲ."

ನಾನು ಪರ್ಸಿಗಾಗಿ ಕೈಚೀಲ ಹುಡುಕಿದೆ. ಕೈಚೀಲವನ್ನೇ ತಂದಿರಲಿಲ್ಲ. "ರೀ, ಮನೇಲಿ ಬಿಟ್ಟು ಬಂದೆ" ಎಂದೆ ಮೆಲ್ಲಗೆ.

ಇಡೀ ಬಸ್ಸು ನಮ್ಮಿಬ್ಬರನ್ನೂ ನೋಡುತ್ತಿತ್ತು. ಇವರು ಒಂದು ಕ್ಷಣ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಬಹಳ ಪ್ರೀತಿಯಿಂದಲೇ ನೋಡಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಮುಂದಿನ ನಿಲ್ದಾಣದಲ್ಲಿ, ಮೆಟ್ಟಿಲು ಸರಿಯಾಗಿ ಫುಟ್‌ಪಾತಿಗೆ ತಾಗುವಂತೆ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, "ಜೋಪಾನವಾಗಿ ಇಳಿ" ಎಂದರು.

ಮನೆಗೆ ಅಲ್ಲಿಂದ ಅರ್ಧ ಗಂಟೆಯ ನಡಿಗೆ. ನಾನು ಇಳಿದು ನಿಂತು ನೋಡಿದೆ. ಬಸ್ಸು ಹೊರಟಿತು. ಒಂದಿಷ್ಟೂ ಕುಲುಕಲಿಲ್ಲ.